ಪೇಟಿ ಮಾಸ್ತರರೂ ಎರಡು ತೂತಿನ ಡಬ್ಬಿಯೂ

ಹತ್ತಿಮತ್ತೂರಿಗೆ ರೆಕಾರ್ಡಿಂಗ್ ಹೊಸದೇನಲ್ಲ ಬಿಡಿ. 8ನೇ ಶತಮಾನದಲ್ಲೇ, ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲಕ್ಕೆ, ಇಲ್ಲೊಂದು ಶಾಸನ ಕೆತ್ತಿಸಿದ್ದಾರೆ. ಕೆತ್ತಿದವನಿಗೆ ಕೇಬಲ್ ಬೇಕಾಗಿರಲಿಲ್ಲ, ಡ್ರೈವರ್ ಹಾಕಿಕೊಳ್ಳುವ ತಾಪತ್ರಯ ಇರಲಿಲ್ಲ, ಕರೆಂಟು ಹೋಯಿತೆಂದು ಅವನು ಅರ್ಧಕ್ಕೆ ಎದ್ದು ಹೋಗಲೂ ಇಲ್ಲ. ಸಾವಿರದ ಇನ್ನೂರು ವರ್ಷ ದಾಟಿದರೂ ಫೈಲು ಕರಪ್ಟ್ ಆಗಿಲ್ಲ. ಈಗ ನಮ್ಮ ಅಕ್ಕನ ಮಗ ಓಣಿಯ ಭಜನಿ ಮೇಳದ ಹಾಡನ್ನು ಲ್ಯಾಪ್‌ಟಾಪಿಗೆ ಇಳಿಸಲು ಟೊಂಕ ಕಟ್ಟಿದ್ದಾನೆ. ಕರಪ್ಟ್ ಆಗುವ ಮಾತಿರಲಿ, ಫೈಲೇ ಹುಟ್ಟುತ್ತಿಲ್ಲ.

"ಮಾಮಾ, ಆನ್‌ಲೈನ್‌ದಾಗ ಮೈಕ್ ತರಸೇನಿ. ಚುಚ್ಚೋದು, ಹಾಡೋದು, ಮುಗೀತು" ಅಂದ. ಚುಚ್ಚಲು ಹೋದರೆ ಮೈಕಿನ ವೈರಿಗೆ ಮೂರು ಕಡ್ಡಿಯ ದಪ್ಪ ಪ್ಲಗ್ಗು, ಲ್ಯಾಪ್‌ಟಾಪಿನ ಬದಿಗೆ ಇಯರ್‌ಫೋನಿನ ಒಂದೇ ಒಂದು ಸಣ್ಣ ತೂತು. ಪೇಟೆಗೆ ಹೋಗಿ ಎರಡನ್ನೂ ಕೂಡಿಸುವ ವೈರು ತಂದ. ಚುಚ್ಚಿದ, ಹಾಡಿದ, ಕೂಗಿದ. ಪರದೆಯ ಮೇಲಿನ ಗೆರೆ ಅಲುಗಲಿಲ್ಲ. "ಸತ್ತ ಮೈಕ್ ಕಳಸ್ಯಾರ್ರೀ!"

ಮೈಕು ಸತ್ತಿರಲಿಲ್ಲ, ಉಪವಾಸವಿತ್ತು. ಅವನು ತರಿಸಿದ್ದು ಕಂಡೆನ್ಸರ್ ಮೈಕು. ಅದಕ್ಕೆ ಹಾಡು ಬರುವ ವೈರಿನೊಳಗಿಂದಲೇ 48 ವೋಲ್ಟ್ ಕರೆಂಟು ಉಣಿಸಬೇಕು. ಲ್ಯಾಪ್‌ಟಾಪಿನ ತೂತು ಕೊಡುವುದು ಎರಡೋ ಮೂರೋ ವೋಲ್ಟ್. ಭಾಷಣಕಾರರು ತಟ್ಟಿ ತಟ್ಟಿ "ಹಲೋ ಹಲೋ" ಅನ್ನುವ ಡೈನಮಿಕ್ ಮೈಕಿಗೆ ಇಂಥ ಆರೈಕೆ ಬೇಡ, ಆದರೆ ಅದರಿಂದ ಹೊರಡುವ ಸದ್ದು ಕೆಲವೇ ಮಿಲಿವೋಲ್ಟ್. ಅದನ್ನು ಎತ್ತಿ ನಿಲ್ಲಿಸಲು ಬೇರೆ ಯಂತ್ರ ಬೇಕು.

ಅಳಿಯ ಸುಮ್ಮನೆ ಕೂಡುವ ಪೈಕಿ ಅಲ್ಲ. ಜಾತ್ರೆ ಪೆಂಡಾಲಿನ ಸೌಂಡಿನವರ ಮಿಕ್ಸರ್ ಕೇಳಿಕೊಂಡು ಬಂದ. ಅದರ ಲೈನ್ ಔಟ್ ತಂದು ಅದೇ ಮೈಕಿನ ತೂತಿಗೆ ಹೆಟ್ಟಿದ. ಅಲ್ಲಿಂದ ಬರುವುದು ಒಂದು ವೋಲ್ಟಿಗೂ ಮಿಗಿಲು. ಇಲ್ಲಿ ಕಾದು ಕೂತಿರುವುದು ಮಿಲಿವೋಲ್ಟಿನ ಕಿವಿ. ಪಂಪ್‌ಸೆಟ್ಟಿನ ಪೈಪನ್ನು ತಂಬಿಗೆಗೆ ಹಿಡಿದ ಹಾಗಾಯಿತು. ಷರೀಫ ಸಾಹೇಬರ ತತ್ವಪದ ಗೊರಗೊರ ಅಂತ ಹೊರಟಿತು. ಪೇಟಿ ಮಾಸ್ತರರು ಎದೆ ಮೇಲೆ ಕೈಯಿಟ್ಟುಕೊಂಡು, "ತಮ್ಮಾ, ನನ್ನ ಪೇಟಿ ಹಿಂಗ ಕೆಮ್ಮೂದಿಲ್ಲೋ" ಅಂದರು. ಹಳೆಯ ಮೇಜಿನ ಕಂಪ್ಯೂಟರುಗಳೇ ಇದಕ್ಕಿಂತ ಮರ್ಯಾದಸ್ಥವು: ಮೈಕಿಗೆ ಗುಲಾಬಿ ತೂತು, ಲೈನ್ ಇನ್‌ಗೆ ನೀಲಿ ತೂತು ಎಂದು ಬಣ್ಣ ಹಚ್ಚಿಯೇ ಹೇಳುತ್ತಿದ್ದವು. ಲ್ಯಾಪ್‌ಟಾಪನ್ನು ತೆಳ್ಳಗೆ ಮಾಡುವ ಹುಕಿಯಲ್ಲಿ ನೀಲಿ ತೂತನ್ನೇ ಮುಚ್ಚಿದ ಪುಣ್ಯಾತ್ಮರು ಒಮ್ಮೆ ನಮ್ಮೂರಿಗೆ ಬರಬೇಕು, ಮಾತಾಡುವುದಿದೆ.

ಇಷ್ಟಕ್ಕೂ ಬೇಕಾದದ್ದು ಒಂದು ಡಬ್ಬಿ, ಅದರ ಹೆಸರು ಆಡಿಯೋ ಇಂಟರ್‌ಫೇಸ್. ಮೈಕಿನ ಸಣ್ಣ ಸದ್ದನ್ನು ದೊಡ್ಡದು ಮಾಡಿ, ಉಪವಾಸದ ಮೈಕಿಗೆ 48 ವೋಲ್ಟ್ ಬಡಿಸಿ, ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿ ಮಾಡಿ ಯುಎಸ್‌ಬಿ ವೈರಿನಲ್ಲಿ ಕಳಿಸುತ್ತದೆ. ಸ್ಕಾರ್ಲೆಟ್, ಬೆಹ್ರಿಂಗರ್ ಎಂದು ನಾನಾ ಹೆಸರಿನವು ಸಿಗುತ್ತವೆ. ಹಿಡಿದಿಡುವ ತಂತ್ರಾಂಶಕ್ಕೆ ದುಡ್ಡೇ ಬೇಡ. ಆಡಾಸಿಟಿ 2000ದಿಂದಲೂ ಪುಕ್ಕಟೆ ಸಿಗುತ್ತಿದೆ. ಲೋಕದ ಜನವೆಲ್ಲ ಮೊದಲು ಮೈಕು ಕೊಂಡು, ಆಮೇಲೆ ಡಬ್ಬಿ ಹುಡುಕುತ್ತಾರೆ. ನಾನು ಹೇಳುವುದು ತಿರುವುಮುರುವು: ಮೊದಲು ಡಬ್ಬಿ ತಗೊಳ್ಳಿ, ಮೈಕನ್ನು ಪೆಂಡಾಲಿನವರ ಹತ್ತಿರ ಕಡ ತಂದರೂ ನಡೆದೀತು.

ಡಬ್ಬಿ ಬಂತು, ಜಗಳವೂ ಬಂತು. ತೂತು ಎರಡು, ಮೇಳದವರು ಏಳು ಮಂದಿ. ಹಾಡುವವರಿಗೊಂದು ಅಂದರೆ ಉಳಿದದ್ದು ಪೇಟಿಗೋ, ತಬಲಾಕ್ಕೋ? ತಾಳ ಬಡಿಯುವವರು ತಮಗೇ ಒಂದು ಪ್ರತ್ಯೇಕ ಮೈಕು ಬೇಕೆಂದರು. ಅವರ ತಾಳ ಸವಣೂರಿನ ದೊಡ್ಡಹುಣಸೆ ಮರದವರೆಗೆ ಕೇಳುತ್ತದೆ, ಅವರಿಗೇಕೆ ಮೈಕು? ನಾನು ಹಳೆಯ ಕಥೆ ತೆಗೆದೆ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನರ ಹಾಡು ಹಿಡಿದಾಗ ಮೈಕೇ ಇರಲಿಲ್ಲ, ಒಂದು ಕಹಳೆ ಇತ್ತು, ಅಷ್ಟೇ. ಆಗ ಹಾಡುವವರು ಹತ್ತಿರ, ಬಡಿಯುವವರು ದೂರ. ಕೂರಿಸುವ ಜಾಗದಲ್ಲೇ ಎಲ್ಲ ಹದ. ನಮ್ಮ ಹಾನಗಲ್ಲಿನ ಹೆಸರು ಹೊತ್ತ ಗಂಗೂಬಾಯಿಯವರು 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ರೆಕಾರ್ಡು ಕೊಟ್ಟ ಹೊತ್ತಿಗೆ ಮೈಕು ಬಂದಿತ್ತು, ಆದರೂ ತಟ್ಟೆಯ ಒಂದು ಬದಿಗೆ ಸುಮಾರು ಮೂರೇ ನಿಮಿಷ. ಮೂರು ನಿಮಿಷದಲ್ಲಿ ರಾಗ ಮುಗಿಸಿದವರ ಸೀಮೆಯಲ್ಲಿ ಕೂತು, ಎರಡು ತೂತು ಸಾಲದು ಎನ್ನಲು ನಾಚಿಕೆಯಾಗಬೇಕು. ಈ ಮಾತಿಗೆ ತಾಳದವರು ಮುನಿಸಿಕೊಂಡೇ ಬಾಗಿಲ ಹತ್ತಿರ ಸರಿದು ಕೂತರು. ತಾಳ ಈಗ ಸರಿಯಾಗಿ ಬರುತ್ತಿದೆ.

ಮುಂದಿನ ಪೀಡೆ ತಡವಾಗಿ ಬರುವ ದನಿ. ಹೆಡ್‌ಫೋನ್ ಹಾಕಿಕೊಂಡು ಹಾಡಿದ ಅಳಿಯ, "ಮಾಮಾ, ಯಾರೋ ಹಿಂದ ನಿಂತು ನನ್ನ ಅಣಕಸಾಕತ್ತಾರ" ಅಂತ ಹೊರಳಿ ನೋಡಿದ. ಹಿಂದೆ ಗೋಡೆಯಿತ್ತು. ಕಂಪ್ಯೂಟರು ಸದ್ದನ್ನು ಕಂತು ಕಂತಾಗಿ ಕೂಡಿಟ್ಟುಕೊಂಡು ಕೊಡುತ್ತದೆ. ಆ ಕಂತಿಗೆ ಬಫರ್ ಎನ್ನುತ್ತಾರೆ. ಒಂದು ಕಂತಿಗೆ 2048 ಅಳತೆ ಇದ್ದರೆ ಅಲ್ಲೇ 46 ಮಿಲಿಸೆಕೆಂಡ್ ತಡ. ಅಷ್ಟರಲ್ಲಿ ಸದ್ದು ಗಾಳಿಯಲ್ಲಿ ಹದಿನಾರು ಮೀಟರ್ ನಡೆದಿರುತ್ತದೆ; ಅಂದರೆ ತಬಲಾದವರನ್ನು ಓಣಿಯ ಆಚೆ ದಂಡೆಗೆ ಕೂರಿಸಿ ಹಾಡಿದಂತೆ. 128ಕ್ಕೆ ಇಳಿಸಿದರೆ ಮೂರೇ ಮಿಲಿಸೆಕೆಂಡ್, ತಬಲಾ ಮಗ್ಗುಲಿಗೇ ಬರುತ್ತದೆ. ವಿಂಡೋಸ್ ಇದ್ದವರು ಡಬ್ಬಿಯ ಜತೆ ಬರುವ ಅಸಿಯೋ ಡ್ರೈವರ್ ಹಾಕಿಕೊಳ್ಳಬೇಕು. 1997ರಲ್ಲಿ ಸ್ಟೈನ್‌ಬರ್ಗ್ ಕಂಪನಿ ಇದನ್ನು ತಂದದ್ದೇ ಈ ತಡ ಕಳೆಯಲು. ಆಡಾಸಿಟಿಯವರಿಗೆ ಅದು ದಕ್ಕುವುದು ಕಷ್ಟ, ಅಂಥವರು ಡಬ್ಬಿಯ ಮೇಲಿನ ಡೈರೆಕ್ಟ್ ಗುಂಡಿ ಒತ್ತಿ ತಮ್ಮ ದನಿ ನೇರ ಕೇಳಿಕೊಳ್ಳಲಿ.

ಇನ್ನು ಗುಂಯ್‌ಗುಡುವ ಸದ್ದು. ಚಾರ್ಜರ್ ಕಿತ್ತರೆ ನಿಲ್ಲುತ್ತದೆ, ಹಚ್ಚಿದರೆ ಶುರು. ಗೋಡೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ ಇರುವ ಮನೆಗಳಲ್ಲಿ ಈ 50 ಸೈಕಲ್ಲಿನ ಶ್ರುತಿಪೆಟ್ಟಿಗೆ ಪುಕ್ಕಟೆ. ಅರ್ಥಿಂಗ್ ಸರಿ ಮಾಡಿಸಿ. ಅದು ಹಾಡಿಗಿಂತ ಜೀವಕ್ಕೆ ಹೆಚ್ಚು ಬೇಕಾದದ್ದು.

ಡಬ್ಬಿಗೆ ಕೆಲವು ಸಾವಿರ ಸುರಿದ ಮೇಲೂ ಹಾಡು ಬಾವಿಯೊಳಗಿಂದ ಬಂದಂತೆ ಕೇಳಿತು. ಆರ್‌ಸಿಸಿ ಕೋಣೆ, ಬತ್ತಲೆ ಗೋಡೆ. ಅಳಿಯ ಫೋಮಿನ ಹಾಳೆ ತರಿಸುತ್ತೇನೆಂದು ಫೋನು ತೆಗೆದ. ನಾನು ತಡೆದು ಅಟ್ಟದ ಮೇಲಿನ ಕೌದಿಗಳನ್ನು ಇಳಿಸಿದೆ. ಹಳೆ ಸೀರೆ, ಧೋತರಗಳ ಪದರ ಪದರ ಕೂಡಿಸಿ ಹೊಲಿದ ಕೌದಿಗಿಂತ ಗೋಡೆಯ ಮಾರ್ದನಿ ನುಂಗುವ ವಸ್ತು ನಮ್ಮ ಸೀಮೆಯಲ್ಲಿ ಮತ್ತೊಂದಿಲ್ಲ. ಆಯಿ ಮಾತ್ರ ಒಪ್ಪಲಿಲ್ಲ: "ಕೌದಿ ಗ್ವಾಡಿಗೆ ಹೊಚ್ಚೀರಿ, ನಾವೇನ ಹೊಚ್ಚಗೊಳ್ಳೂಣು?" ಚಳಿ ಮುಗಿಯುವ ತನಕ ರೆಕಾರ್ಡಿಂಗ್ ಮಧ್ಯಾಹ್ನಕ್ಕೇ ಆಗಬೇಕೆಂದು ರಾಜಿಯಾಯಿತು. ಫ್ಯಾನ್ ಬಂದ್. ಸವಣೂರಿನ ಖಾರಾ ಕೂಡ ಬಂದ್, ಯಾಕೆಂದರೆ ಕಂಡೆನ್ಸರ್ ಮೈಕು ಕುರುಂ ಕುರುಂ ಸದ್ದನ್ನು ಪೇಟಿಗಿಂತ ಚೆನ್ನಾಗಿ ಹಿಡಿಯಿತು. ಎಲೆ ಅಡಿಕೆಗೆ ಮಾತ್ರ ರಿಯಾಯಿತಿ.

ಇಷ್ಟೆಲ್ಲ ಯಾಕೆ ಬೇಕು ಅನ್ನುತ್ತೀರಾ? ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. ಷರೀಫರು ಶಿಶುವಿನಹಾಳದಲ್ಲಿ ಇನ್ನೂ ಹನ್ನೆರಡು ವರ್ಷ ಬದುಕಿದ್ದರು, ತೀರಿಕೊಂಡದ್ದು 1889ರಲ್ಲಿ. ಯಂತ್ರವೂ ಇತ್ತು, ಅವರೂ ಇದ್ದರು. ಎರಡನ್ನೂ ಕೂಡಿಸುವ ವೈರು ಮಾತ್ರ ಯಾರ ಬಳಿಯೂ ಇರಲಿಲ್ಲ. ಅವರ ಪದಗಳು ಬಾಯಿಂದ ಬಾಯಿಗೆ ಬಂದವು, ದನಿ ಬರಲಿಲ್ಲ. ನಮ್ಮ ಪೇಟಿ ಮಾಸ್ತರರಿಗೂ ವಯಸ್ಸಾಗಿದೆ.

ಕಡೆಗೆ ನಮ್ಮ ಓಣಿಯ ಟ್ರ್ಯಾಕ್ಟರ್ ಮಾಲೀಕರಲ್ಲಿ ಒಂದು ವಿನಂತಿ. ಗೋವಿನಜೋಳ ಹೇರಿಕೊಂಡು ಮಧ್ಯಾಹ್ನ ಈ ದಾರಿಗೆ ಬಂದರೆ ದಯವಿಟ್ಟು ಹಾಡು ಬಂದ್ ಮಾಡಿಕೊಂಡು ದಾಟಿರಿ. ಇಲ್ಲವಾದರೆ ತತ್ವಪದದ ನಡುವೆ ನಿಮ್ಮ ಡಿಜೆಯೂ ರೆಕಾರ್ಡ್ ಆಗುತ್ತದೆ, ವಾದ್ಯದವರ ಪಟ್ಟಿಯಲ್ಲಿ ನಿಮ್ಮ ಹೆಸರನ್ನೂ ಹಾಕಬೇಕಾಗುತ್ತದೆ.