ಚರಸಂಸಾರ ಮೀಮಾಂಸೆ ಅಥವಾ ತ್ರಿಖಾತಾ ಸಿದ್ಧಾಂತ

ಬಾಡಿಗೆ ಮನೆ ಖಾಲಿ ಮಾಡಿ, ಪೇಂಟಿಂಗ್ ಖರ್ಚೆಂದು ಓನರ್ ಹಿಡಿದುಕೊಂಡಿದ್ದು ಹೋಗಿ ಮಿಕ್ಕ ಅಡ್ವಾನ್ಸ್ ವಾಪಸ್ ಪಡೆದು, ತುಳಸಿ ಗಿಡವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಹೆಂಡತಿ ಮಕ್ಕಳು ಲ್ಯಾಪ್‌ಟಾಪ್ ಸಮೇತ ಊರೂರು ಸುತ್ತುತ್ತ ನೌಕರಿ ಮಾಡುವವನನ್ನು ಶಾಸ್ತ್ರದಲ್ಲಿ ‘ಚರಸಂಸಾರಿ’ ಎನ್ನುತ್ತಾರೆ. ಯಾವ ಶಾಸ್ತ್ರದಲ್ಲಿ ಎಂದು ಕೇಳಬಾರದು. ಆ ಶಾಸ್ತ್ರ ಈ ಪ್ರಬಂಧದಿಂದಲೇ ಆರಂಭವಾಗುತ್ತಿದೆ.

ಲಕ್ಷಣ ಹೀಗೆ: ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಚಾರ್ಜರ್, ಬೆನ್ನ ಮೇಲೆ ಸುತ್ತಿಟ್ಟ ಯೋಗದ ಚಾಪೆ. ಚಾಪೆಯನ್ನು ಬಿಚ್ಚಲೇಬೇಕೆ ಎಂಬ ವಿಷಯದಲ್ಲಿ ಎರಡು ಪಂಥಗಳಿವೆ. ಬಿಚ್ಚದೆ ವ್ಯಾಯಾಮವಿಲ್ಲ ಎನ್ನುವವರು ನಿಷ್ಠುರವಾದಿಗಳು. ಹೊತ್ತು ತಿರುಗಿದ ಭಾರವೇ ವ್ಯಾಯಾಮ ಎನ್ನುವವರು ಉದಾರವಾದಿಗಳು. ಎರಡನೆಯ ಪಂಥಕ್ಕೇ ಅನುಯಾಯಿಗಳು ಹೆಚ್ಚು.

ಈ ವಿದ್ಯಮಾನದ ಮೂಲ ಅಮೆರಿಕದಲ್ಲಿದೆ ಎಂಬುದು ಪಾಶ್ಚಾತ್ಯ ಮತ. ನಾಸಾಕ್ಕಾಗಿ ದುಡಿದ ಎಂಜಿನಿಯರ್ ಜ್ಯಾಕ್ ನಿಲ್ಲೆಸ್, ನೌಕರನನ್ನು ಕೆಲಸದ ಬಳಿಗೆ ಸಾಗಿಸುವ ಬದಲು ಕೆಲಸವನ್ನೇ ತಂತಿಯ ಮೇಲೆ ನೌಕರನ ಬಳಿಗೆ ಕಳಿಸಿದರೆ ಟ್ರಾಫಿಕ್ ಕರಗೀತು ಎಂದು ವಾದಿಸಿ, 1973ರಲ್ಲಿ ಅದಕ್ಕೆ ‘ಟೆಲಿಕಮ್ಯೂಟಿಂಗ್’ ಎಂದು ಹೆಸರಿಟ್ಟರು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರಕ್ಕೆ ನಿಂತವರಿಗೆ ಈ ವಾದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಆದರೆ ನಿಲ್ಲೆಸ್ ಹೇಳಿದ್ದು ಮನೆಯ ಹತ್ತಿರ ಕೂತು ಕೆಲಸ ಮಾಡಿ ಎಂದಷ್ಟೇ, ಮನೆಯನ್ನೇ ಹೊತ್ತು ತಿರುಗಿ ಎಂದಲ್ಲ.

ಆ ಅಧಿಕಪ್ರಸಂಗ ಸ್ಟೀವ್ ರಾಬರ್ಟ್ಸ್ ಎಂಬುವರದು. 1983ರಲ್ಲಿ ಓಹಾಯೋದ ಕೊಲಂಬಸ್ ಊರಿನಿಂದ, ಒರಗಿ ಕೂತು ತುಳಿಯುವ ಸೈಕಲ್ಲಿಗೆ ಸೌರಫಲಕವನ್ನೂ ರೇಡಿಯೋ ಶ್ಯಾಕ್ ಕಂಪನಿಯ ಪುಟ್ಟ ಕಂಪ್ಯೂಟರನ್ನೂ ಏರಿಸಿಕೊಂಡು ಹೊರಟ ಈತ, ದಾರಿಯಲ್ಲಿ ಸಿಕ್ಕ ಫೋನುಗಳಿಂದ ಲೇಖನ ಕಳಿಸುತ್ತ ಹೊಟ್ಟೆ ಹೊರೆದರು. ಮುಂದಿನ ಸೈಕಲ್ಲುಗಳ ಹ್ಯಾಂಡಲ್ಲಿಗೇ ಕೀಲಿಗಳನ್ನು ಜೋಡಿಸಿ, ತುಳಿಯುತ್ತಲೇ ಟೈಪ್ ಮಾಡಿದರು. ಕೊನೆಯದಾದ ‘ಬೆಹೆಮತ್’ಗೆ 105 ಗೇರುಗಳು, ತೂಕ 580 ಪೌಂಡ್, ಅಂದರೆ ಸುಮಾರು 263 ಕಿಲೋ. ನೌಕರಿ ಮತ್ತು ವ್ಯಾಯಾಮ ಒಂದೇ ಸೀಟಿನ ಮೇಲೆ ಕೂತದ್ದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಇನ್ನೊಂದಿಲ್ಲ. ಆದರೆ ಆ 105 ಗೇರುಗಳಲ್ಲಿ ಒಂದಾದರೂ ಎಂಟು ವರ್ಷದ ಮಗುವಿಗೆ ಉಪ್ಪಿಟ್ಟು ತಿನ್ನಿಸಲು ಬರುವಂಥದ್ದಲ್ಲವಾದ್ದರಿಂದ, ಈ ಪ್ರಬಂಧ ಅದನ್ನು ಅಪೂರ್ಣ ಚರಸಂಸಾರವೆಂದೇ ವರ್ಗೀಕರಿಸುತ್ತದೆ. 1997ರಲ್ಲಿ ತ್ಸುಗಿಯೋ ಮಾಕಿಮೊಟೊ ಮತ್ತು ಡೇವಿಡ್ ಮ್ಯಾನರ್ಸ್ ‘ಡಿಜಿಟಲ್ ನೋಮ್ಯಾಡ್’ ಎಂಬ ಪುಸ್ತಕವನ್ನೇ ಬರೆದ ಮೇಲೆ, ಅಲೆಮಾರಿತನಕ್ಕೆ ಮೊದಲ ಸಲ ಸಂಬಳದ ಚೀಟಿಯ ಗೌರವ ಬಂತು.

ದೇಶೀವಾದಿಗಳು ಇದನ್ನು ಸುತರಾಂ ಒಪ್ಪುವುದಿಲ್ಲ. ಅವರ ಮೊದಲ ಸಾಕ್ಷಿ ಹೆಳವರು. ಎತ್ತಿನೊಂದಿಗೆ ಊರಿಗೆ ಬಂದು, ಮನೆಯ ಮುಂದೆ ನಿಂತು ಆ ಮನೆತನದ ತಲೆತಲೆಮಾರುಗಳ ಹೆಸರನ್ನು ಒಪ್ಪಿಸಿ, ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು ಕಾಸು ಪಡೆದು ಮುಂದಿನ ಊರಿಗೆ ನಡೆಯುವ ವಂಶಾವಳಿಕಾರರು ಇವರು. ಮಾಹಿತಿ ನಮ್ಮದು, ಕಡತ ಅವರ ಬಳಿ, ಅವರು ಸದ್ಯ ಎಲ್ಲಿದ್ದಾರೋ ನಮಗೆ ಗೊತ್ತಿಲ್ಲ. ಇದನ್ನೇ ಈಗ ಕ್ಲೌಡ್ ಎಂದು ತಿಂಗಳ ಬಾಡಿಗೆಗೆ ಕೊಡುತ್ತಾರೆ.

ಎರಡನೆಯ ಸಾಕ್ಷಿ ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾಹಿಗಳು. ಮೇವು ಇದ್ದಲ್ಲಿಗೆ ಹಿಂಡು, ಹಿಂಡು ಇದ್ದಲ್ಲಿ ಸಂಸಾರ. ಕುದುರೆಯ ಬೆನ್ನ ಮೇಲೆ ಹಾಸಿಗೆ, ಪಾತ್ರೆ, ನಡೆಯಲಾರದ ಮರಿಗಳು. ರಾತ್ರಿ ರೈತನ ಹೊಲದಲ್ಲಿ ಕುರಿ ನಿಲ್ಲಿಸಿದರೆ ಗೊಬ್ಬರಕ್ಕೆ ಬದಲಾಗಿ ಕಾಳೋ ಹಣವೋ ಸಿಗುತ್ತದೆ. ವಸತಿಗೆ ತಾನೇ ಬಾಡಿಗೆ ಕೊಡದೆ ಹೊಲದ ಯಜಮಾನನಿಂದಲೇ ವಸೂಲು ಮಾಡುವ ಈ ಏರ್ಪಾಡು ಯಾವ ಹೋಂಸ್ಟೇ ಆ್ಯಪ್‌ಗೂ ಇನ್ನೂ ಹೊಳೆದಿಲ್ಲ.

ಯಕ್ಷಗಾನ ಮೇಳಗಳನ್ನು ಬಿಟ್ಟರೆ ಪ್ರಬಂಧಕ್ಕೆ ಕರಾವಳಿಯಲ್ಲಿ ಉಳಿಗಾಲವಿಲ್ಲ. ದೀಪಾವಳಿಯ ಆಚೀಚೆ ಗೆಜ್ಜೆ ಕಟ್ಟಿದರೆ ತುಳುನಾಡಿನಲ್ಲಿ ಬಿಚ್ಚುವುದು ಪತ್ತನಾಜೆಗೆ, ಮೇ ತಿಂಗಳ ಕೊನೆಯ ಭಾಗದಲ್ಲಿ. ಇರುಳಿಡೀ ಕೆಲಸ, ಹಗಲು ನಿದ್ದೆ. ಅಮೆರಿಕದ ಶಿಫ್ಟ್ ಎಂಬುದು ಬೆಂಗಳೂರಿಗೆ ಬರುವ ಎಷ್ಟೋ ಮೊದಲೇ ಈ ಪಾಳಿ ನಮ್ಮಲ್ಲಿತ್ತು. ಬಯಲಿನಲ್ಲಿ ಧೀಂಗಿಣ ಹಾಕುವ ಪುಂಡುವೇಷದವರಿಗೆ ಜಿಮ್ ಚಂದಾದಾರರಾಗಿ ಎಂದು ಹೇಳುವ ಧೈರ್ಯ ಯಾವ ತರಬೇತುದಾರನಿಗೂ ಇರಲಾರದು. ಕೊರತೆ ಒಂದೇ: ಸಂಸಾರ ಊರಿನಲ್ಲೇ ಉಳಿಯುತ್ತಿತ್ತು. ಅದನ್ನೂ ಕಟ್ಟಿಕೊಂಡು ಹೊರಟವು ವೃತ್ತಿ ನಾಟಕ ಕಂಪನಿಗಳು. 1884ರಲ್ಲಿ ಹುಟ್ಟಿ ಮುಂದೆ ಗುಬ್ಬಿ ವೀರಣ್ಣನವರ ಕೈಗೆ ಬಂದ ಗುಬ್ಬಿ ಕಂಪನಿಯಲ್ಲಿ ಗಂಡ ಒಂದು ಪಾತ್ರ, ಹೆಂಡತಿ ಇನ್ನೊಂದು ಪಾತ್ರ, ಮಗು ಪ್ರಹ್ಲಾದನೋ ಲೋಹಿತಾಶ್ವನೋ. ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳೂ ರಂಗದ ಮೇಲೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಅಪ್ಪನ ಜೊತೆ ಈ ಕಂಪನಿಯಲ್ಲೇ ಪಳಗಿ, ಆಮೇಲೆ ರಾಜ್‌ಕುಮಾರ್ ಆದದ್ದು ಎಲ್ಲರಿಗೂ ಗೊತ್ತು. ಮಕ್ಕಳನ್ನು ಶಾಲೆ ಬಿಡಿಸಿ ಸುತ್ತಿಸಿದರೆ ಮುಂದೇನು ಎಂದು ಕೇಳುವ ನೆಂಟರಿಗೆ ಚರಸಂಸಾರಿಗಳು ಈ ಉದಾಹರಣೆಯನ್ನು ತಪ್ಪದೆ ಎಸೆಯುತ್ತಾರೆ. ಕಂಪನಿಗಳಲ್ಲಿ ಬಾಲಪಾತ್ರ ಮಾಡಿದ ಉಳಿದ ಮಕ್ಕಳೆಲ್ಲ ಏನಾದರು ಎಂಬ ಮರುಪ್ರಶ್ನೆಯನ್ನು ನೆಂಟರು ಇನ್ನೂ ಕಲಿತಿಲ್ಲ.

ಈ ಎಲ್ಲ ಪೂರ್ವಸೂರಿಗಳಲ್ಲಿ ಒಂದು ಸಾಮ್ಯ ಎದ್ದು ಕಾಣುತ್ತದೆ. ಇವರಾರೂ ಪ್ರತ್ಯೇಕವಾಗಿ ವ್ಯಾಯಾಮ ಮಾಡಿದವರಲ್ಲ. ಕೆಲಸವೇ ಕಾಲಿನದು, ಕಂಠದ್ದು, ಬೆನ್ನಿನದು. ಸಂಸಾರದ ಜೊತೆಗಿದ್ದವರಾರೂ ಅದಕ್ಕೆಂದು ಸಮಯ ಕಾಯ್ದಿರಿಸಿದವರಲ್ಲ, ಸಂಸಾರವೇ ಸಿಬ್ಬಂದಿ. ಮೂರನ್ನೂ ಬೇರೆ ಬೇರೆ ಮಾಡಿದ್ದು ಕುರ್ಚಿ. ಕುರ್ಚಿ ಬಂತು, ಸೊಂಟಕ್ಕೆ ಕೆಲಸ ತಪ್ಪಿತು, ಮಕ್ಕಳಿಗೆ ಕಚೇರಿಯ ಪ್ರವೇಶ ತಪ್ಪಿತು. ಇಂದಿನ ಚರಸಂಸಾರಿ ಕುರಿಗಾಹಿಯಂತೆ ಊರು ಬಿಟ್ಟಿದ್ದಾನೆ, ಕುರ್ಚಿಯನ್ನು ಮಾತ್ರ ಬಿಟ್ಟಿಲ್ಲ. ಗೋಕರ್ಣದ ಕಡಲ ದಂಡೆಗೆ ಹೋದರೂ ಮೊದಲು ಹುಡುಕುವುದು ಬೆನ್ನಿಗೆ ಆಧಾರ ಕೊಡುವ ಒಂದು ಕುರ್ಚಿ ಮತ್ತು ಅದರ ಹತ್ತಿರ ಒಂದು ಪ್ಲಗ್ ಪಾಯಿಂಟ್.

ಒಡೆದುಹೋದ ಈ ಮೂರನ್ನು ಮತ್ತೆ ಜೋಡಿಸುವ ಉಪಾಯವೇ ಪ್ರಸ್ತುತ ಸಿದ್ಧಾಂತ. ಸೂತ್ರ: ‘ಏಕಾ ಕ್ರಿಯಾ, ತ್ರೀಣಿ ಖಾತಾನಿ.’ ವ್ಯಾಕರಣದೋಷ ಕಂಡರೆ ಆರ್ಷಪ್ರಯೋಗವೆಂದು ತಿಳಿಯತಕ್ಕದ್ದು. ಅರ್ಥ ಇಷ್ಟೇ: ಮಾಡಿದ ಒಂದೇ ಕೆಲಸವನ್ನು ನೌಕರಿ, ಸಂಸಾರ, ವ್ಯಾಯಾಮ ಎಂಬ ಮೂರೂ ಖಾತೆಗಳಿಗೆ ಜಮಾ ಮಾಡುವುದು.

ಭಾಷ್ಯಕ್ಕೆಂದು ತಿಪಟೂರು ಮೂಲದ, ಬೆಂಗಳೂರಿನಿಂದ ಹೊರಟ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಬಹುದು. ಜಾಗ ಸಕಲೇಶಪುರದ ಹೋಂಸ್ಟೇ, ಕಾಲ ಜನವರಿ. ಗಂಡನ ಕಂಪನಿಯ ನ್ಯೂಯಾರ್ಕ್ ತಂಡಕ್ಕೆ ಬೆಳಿಗ್ಗೆ ಒಂಬತ್ತು ಎಂದರೆ ನಮ್ಮಲ್ಲಿ ಸಂಜೆ ಏಳೂವರೆ. ಅಲ್ಲಿಯ ಬೇಸಿಗೆಯಲ್ಲಾದರೆ ಆರೂವರೆ. ನೆಟ್‌ವರ್ಕ್ ಸಿಗುವುದು ಕಾಫಿ ಹರವಿದ ಕಣದ ಒಂದು ಮೂಲೆಯಲ್ಲಿ, ಅದೂ ಎರಡೇ ಕಡ್ಡಿ. ರಾತ್ರಿಯ ಇಬ್ಬನಿಗೆಂದು ಟಾರ್ಪಾಲು ಮುಚ್ಚಿದ ಕಾಫಿ ರಾಶಿಯ ಸುತ್ತ ಆತ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಪ್ರದಕ್ಷಿಣೆ ಹಾಕುತ್ತಾನೆ. ಬಲಗೈ ಬೆರಳು ಹಿಡಿದು ಮಗಳು ಸುತ್ತುತ್ತಾಳೆ. ಮೀಟಿಂಗ್: ಜಮಾ. ಹೆಜ್ಜೆ: ಜಮಾ. ಮಗಳೊಂದಿಗೆ ಕಳೆದ ಹೊತ್ತು: ಜಮಾ. ‘ಅಪ್ಪಾ, ಆನೆ ಬರತ್ತಾ?’ ಎಂದು ಆಕೆ ಕೇಳಿದ್ದು ಮೀಟಿಂಗಿನಲ್ಲಿದ್ದ ಹನ್ನೊಂದು ಮಂದಿಗೂ ಕೇಳಿಸುತ್ತದೆ. ಆ ಭಾಗದಲ್ಲಿ ಬರುವುದು ನಿಜವೇ. ಬಂದರೆ ಹೆಜ್ಜೆಗಳ ಲೆಕ್ಕ ಇನ್ನೂ ಏರುತ್ತದೆ.

ಇದೇ ಹೊತ್ತಿಗೆ ಹೆಂಡತಿ ತನ್ನ ಬೆಂಗಳೂರು ಕಚೇರಿಯ ಕೆಲಸ ಮುಗಿಸಿ, ಹೋಂಸ್ಟೇ ಆಂಟಿಯ ಒಲೆಯಲ್ಲಿ ಹಾಲು ಕಾಯಿಸಿಕೊಂಡು, ಹೆಪ್ಪಿಲ್ಲದ್ದರಿಂದ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಮೊಸರಿಗಿಟ್ಟು, ಮರುದಿನದ ಬಟ್ಟೆ ಮಡಚಿ, ಮುಂದಿನ ಊರಿನ ರೂಮಿನ ಫೋಟೋಗಳಲ್ಲಿ ಟೇಬಲ್ ಎಷ್ಟು ಅಗಲವಿದೆ ಎಂದು ಹಿಗ್ಗಿಸಿ ನೋಡುತ್ತಿರುತ್ತಾಳೆ. ಇದನ್ನು ಯಾವ ಖಾತೆಗೆ ಹಾಕಬೇಕೆಂಬುದರ ಬಗ್ಗೆ ಸಿದ್ಧಾಂತ ಮೌನವಾಗಿದೆ. ಹೆಜ್ಜೆ ಎಣಿಸುವ ಗಡಿಯಾರ ಇರುವುದು ಗಂಡನ ಕೈಯಲ್ಲಿ.

ವ್ಯಾಯಾಮಖಾತೆಯನ್ನು ಇನ್ನಷ್ಟು ಕೆದಕಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಮಕ್ಕಳ ಪಾಲನ್ನು ಅವು ವಿಮಾನ ನಿಲ್ದಾಣದ ಟ್ರಾಲಿಗಳ ಮೇಲೆ ಚೆಕ್‌ಇನ್‌ಗೆ ಮೊದಲೇ ತೀರಿಸುತ್ತವೆ. ಲಿಫ್ಟ್ ಇಲ್ಲದ ಮೂರನೆಯ ಮಹಡಿಗೆ 23 ಕಿಲೋ ಸೂಟ್‌ಕೇಸ್ ಹೊತ್ತದ್ದು ದೊಡ್ಡವರ ಸ್ನಾಯುದಿನ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬುದಂತೂ ವೈದ್ಯಲೋಕದಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಲ್ಲೇ ಆ ಸಂಖ್ಯೆ ಇತ್ತು. ಜಾಹೀರಾತಿಗೆ ಇಷ್ಟು ವರ್ಷ ನಿಷ್ಠೆಯಿಂದ ನಡೆದ ಮನುಕುಲದ ಕಾಲುಗಳನ್ನು ಮೆಚ್ಚಬೇಕು.

ದೂರದಲ್ಲಿದ್ದು ಮೈ ಹುರಿಗೊಳಿಸುವ ಕಲೆಯಲ್ಲಿ ಬೆಂಗಳೂರು ಯಾರಿಗೂ ಹಿಂದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕೆ.ವಿ. ಅಯ್ಯರ್ (1897–1980) ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು; ಡಂಬೆಲ್ಲಿಗೆ ಸೂರ್ಯನಮಸ್ಕಾರವನ್ನು ಬೆರೆಸಿದವರು; ಜೊತೆಗೆ ಅಂಚೆಯ ಮೂಲಕ ದೇಹದಾರ್ಢ್ಯದ ಪಾಠ ಕಳಿಸಿದವರು. ಆ್ಯಪ್ ಇಲ್ಲ, ವಿಡಿಯೋ ಇಲ್ಲ. ಪೋಸ್ಟ್‌ಮ್ಯಾನ್ ಲಕೋಟೆ ತರುತ್ತಿದ್ದ, ಓದುಗ ಬಸ್ಕಿ ಹೊಡೆಯುತ್ತಿದ್ದ. ಇಂದಿನ ಆ್ಯಪ್ ದಿನಕ್ಕೆ ನಾಲ್ಕು ಸಲ ನೆನಪಿಸಿದರೂ ಚಾಪೆ ಬಿಚ್ಚಿಕೊಳ್ಳುವುದಿಲ್ಲ. ಒಂದು ಕಾರಣ ವಾಸ್ತುವಿನದು: ಹೋಟೆಲ್ ರೂಮಿನಲ್ಲಿ ಮಂಚಕ್ಕೂ ಗೋಡೆಗೂ ನಡುವೆ ಇರುವ ಜಾಗದಲ್ಲಿ ಸೂರ್ಯನಮಸ್ಕಾರದ ಹನ್ನೆರಡು ಭಂಗಿಗಳಲ್ಲಿ ಏಳನ್ನು ಮಾಡಬಹುದು. ಎಂಟನೆಯದಕ್ಕೆ ಬಾತ್‌ರೂಮ್ ಬಾಗಿಲು ತೆರೆದಿಡಬೇಕಾಗುತ್ತದೆ.

ಗಡಿ ದಾಟಿದ ಚರಸಂಸಾರದ ಅಧ್ಯಾಯ ದೊಡ್ಡದು, ಇಲ್ಲಿ ಸಂಗ್ರಹವಾಗಿ ಕೊಡಲಾಗಿದೆ. ಎಸ್ಟೋನಿಯಾ ಮತ್ತು ಬಾರ್ಬಡೋಸ್ 2020ರಲ್ಲೇ ಇಂಥವರಿಗೆಂದು ವೀಸಾ ತೆರೆದವು. ಥಾಯ್ಲೆಂಡಿನ 2024ರ ವೀಸಾ ಐದು ವರ್ಷದ್ದು, ಒಂದು ಸಲಕ್ಕೆ 180 ದಿನ. ಖಾತೆಯಲ್ಲಿ ಐದು ಲಕ್ಷ ಬಾತ್ ತೋರಿಸಬೇಕು. ಅದೇ ವರ್ಷ ಜಪಾನ್ ಆರು ತಿಂಗಳ ವೀಸಾ ಆರಂಭಿಸಿ, ವರ್ಷಕ್ಕೆ ಒಂದು ಕೋಟಿ ಯೆನ್ ಆದಾಯ ಕೇಳಿತು. ಅರ್ಹ ದೇಶಗಳ ಪಟ್ಟಿಯಲ್ಲಿ ಭಾರತವಿರಲಿಲ್ಲ. ಪಟ್ಟಿಯನ್ನು ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ಓದಿದ್ದನ್ನು ಕಣ್ಣಿನ ವ್ಯಾಯಾಮವೆಂದು ಜಮಾ ಮಾಡಿಕೊಳ್ಳಬಹುದು. ಲಗೇಜಿನ ವಿಷಯದಲ್ಲಿ ತಿಪಟೂರಿನವರ ಪಾಡು ಬೇರೆಯೇ. ವಾಯುಸಾರಿಗೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ ಯುಎನ್ 1363 ಎಂಬ ಸಂಖ್ಯೆ ಇದೆ. ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿನಲ್ಲಿ ಅದರ ಜಾಗ. ಅಜ್ಜಿ ಮೊಮ್ಮಗಳಿಗೆಂದು ಪಂಚೆಯ ಚೂರಿನಲ್ಲಿ ಗಂಟು ಕಟ್ಟಿ ಕೊಟ್ಟದ್ದು ಎಕ್ಸ್‌ರೇ ಯಂತ್ರದ ಆಚೆ ಹೋಗದೆ ಉಳಿಯುವುದು ಇದರಿಂದ.

ಮೂರೂ ಖಾತೆಗಳು ಒಂದೇ ಚೌಕಟ್ಟಿನಲ್ಲಿ ಸೇರಿದ ಒಂದು ಛಾಯಾಚಿತ್ರ ಲಭ್ಯವಿದೆ. 2021ರ ಮಳೆಗಾಲ, ಸುಳ್ಯ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಸಿಗ್ನಲ್ ಇಲ್ಲದ್ದರಿಂದ ಮಗಳು ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಮಳೆ ಸುರಿಯುತ್ತಿದೆ, ಅಪ್ಪ ಪಕ್ಕದಲ್ಲಿ ನಿಂತು ಛತ್ರಿ ಹಿಡಿದಿದ್ದಾರೆ. ತೋಳಿಗೆ ಶ್ರಮವಿದೆ, ಸಂಸಾರವಿದೆ, ದೂರದ ಕೆಲಸವೂ ಇದೆ. ತ್ರಿಖಾತಾ ಸಿದ್ಧಾಂತ ಈ ಚಿತ್ರವನ್ನು ತನ್ನದೆಂದು ಹೇಳಿಕೊಳ್ಳಲು ಹೊರಟು, ಅರ್ಧ ದಾರಿಯಿಂದ ಹಿಂದೆ ಬಂದಿದೆ.

ಪ್ರಬಂಧದ ಮೌಖಿಕ ಪರೀಕ್ಷೆ ಸಕಲೇಶಪುರದಲ್ಲೇ, ರಾತ್ರಿಯ ಊಟವಾದ ಮೇಲೆ ನಡೆಯಿತು. ಬಾಹ್ಯ ಪರೀಕ್ಷಕರಾಗಿ ತಿಪಟೂರಿನಿಂದ ವಿಡಿಯೋ ಕಾಲ್‌ನಲ್ಲಿ ಹಾಜರಿದ್ದ ಅಜ್ಜಿ, ‘ಈಗ ಯಾವ ಊರಲ್ಲಿದ್ದೀಯೋ? ಮಗು ಯಾಕೆ ಇಷ್ಟು ಸೊರಗಿದೆ?’ ಎಂದು ಎರಡೇ ಪ್ರಶ್ನೆ ಹಾಕಿ ಸಹಿ ಮಾಡಿದರು. ಆಂತರಿಕ ಪರೀಕ್ಷಕಿ ಸೂತ್ರವನ್ನೂ ಭಾಷ್ಯವನ್ನೂ ಕೊನೆಯವರೆಗೆ ಕೇಳಿ, ಕೈಯಲ್ಲಿದ್ದ ಮಗಳ ಸ್ವೆಟರನ್ನು ಮಡಚಿ ಪಕ್ಕಕ್ಕಿಟ್ಟು ಹೇಳಿದರು: ‘ರೀ, ಎಲ್ಲ ಸರಿ. ನಾಳೆ ಹನ್ನೊಂದಕ್ಕೆ ರೂಮ್ ಬಿಡಬೇಕು. ಹತ್ತೂವರೆಗೆ ನಿಮಗೂ ಮೀಟಿಂಗ್, ನನಗೂ ಮೀಟಿಂಗ್. ಬ್ಯಾಗ್ ಯಾರು ಕಟ್ಟೋದು?’

ಅಭ್ಯರ್ಥಿ ಬಹಳ ಹೊತ್ತು ತುಟಿ ಆಡಿಸಿದರೆಂದೂ, ಮೈಕ್ ಮ್ಯೂಟ್ ಆಗಿದ್ದರಿಂದ ಉತ್ತರ ದಾಖಲಾಗಲಿಲ್ಲವೆಂದೂ ಪರೀಕ್ಷಾ ವರದಿಯಲ್ಲಿದೆ. ಇಬ್ಬರೂ ಒಂದೇ ಮಂಚದ ಮೇಲೆ ಕೂತಿದ್ದಾಗ ಮೈಕ್ ಎಲ್ಲಿಂದ ಬಂತು ಎಂಬುದನ್ನು ವರದಿ ವಿವರಿಸುವುದಿಲ್ಲ.