ಸಂಬಳ ಕೇಳದ ಪೊಲೀಸಪ್ಪ

ವೈಟ್‌ಫೀಲ್ಡಿನ ಹೋಪ್ ಫಾರ್ಮ್ ಜಂಕ್ಷನ್ ಹತ್ತಿರದ ಒಂದು ಫಲಕದಲ್ಲಿ ಅಕ್ಷರವಿಲ್ಲ, ಬಾಣವಿಲ್ಲ. ತ್ರಿಕೋನದೊಳಗೆ ನಾಲ್ಕು ಕಪ್ಪು ಚುಕ್ಕಿ, ಅಷ್ಟೆ. 2022ರ ಆಗಸ್ಟ್‌ನಲ್ಲಿ ಯಾರೋ ಅದರ ಫೋಟೊ ಹಾಕಿ, ಇದೇನು ಸ್ವಾಮಿ ಅಂತ ಟ್ವಿಟರಿನಲ್ಲಿ ಸಂಚಾರ ಪೊಲೀಸರನ್ನೇ ಕೇಳಿದರು. ಹಗಲೂ ರಾತ್ರಿ ಕೋಡ್ ಬರೆಯುವವರ ಏರಿಯಾ ಅದು. ನಾಲ್ಕು ಚುಕ್ಕಿಗೆ ಎಲ್ಲರೂ ಸುಸ್ತು. ಅಂಗಳಕ್ಕೆ ರಂಗೋಲಿ ಹಾಕುವ ಅಜ್ಜಿಯಾಗಿದ್ದರೆ ಎಳೆ ಎಳೆದು ಏನಾದರೊಂದು ಮಾಡಿಬಿಡುತ್ತಿದ್ದರು. ಪೊಲೀಸರೇ ಕೊನೆಗೆ ಬಿಡಿಸಿ ಹೇಳಿದರು: ಇಲ್ಲಿ ಅಂಧರ ಶಾಲೆಯಿದೆ, ಅಂಧರು ರಸ್ತೆ ದಾಟಬಹುದು, ಜೋಪಾನ. ಕಣ್ಣಿದ್ದವರಿಗೆಂದೇ ನೆಟ್ಟ ಫಲಕ!

ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಜಾಮಿನಲ್ಲಿ ಇಂಥ ಗೊಂದಲವಿಲ್ಲ. 'ನಿಧಾನವಾಗಿ ಚಲಿಸಿ' ಎಂದರೆ ಸಾಕು, ಜನ ಅದಕ್ಕಿಂತ ಹೆಚ್ಚೇ ವಿಧೇಯರು.

ಫಲಕ ಓದದವರಿಗಾಗಿ 2019ರ ನವೆಂಬರ್‌ನಲ್ಲಿ ಬೆಂಗಳೂರಿನ ಕೆಲವು ಜಂಕ್ಷನ್‌ಗಳಿಗೆ ಪೊಲೀಸ್ ಗೊಂಬೆಗಳು ಬಂದವು. ಬಟ್ಟೆ ಅಂಗಡಿಯ ಗೊಂಬೆಗೇ ಟೋಪಿ, ಕಪ್ಪು ಕನ್ನಡಕ, ಮಾಸ್ಕ್, ಮಿಂಚುವ ಜಾಕೆಟ್. ಸಂಬಳವಿಲ್ಲ, ಡಿಎ ಇಲ್ಲ, ಸಿಎಲ್ ಇಲ್ಲ, ಟೀಗೆಂದು ಆಚೆ ಹೋಗುವುದೂ ಇಲ್ಲ. ದೂರದಿಂದ ಕಂಡವರು ತಡಬಡಾಯಿಸಿ ಹೆಲ್ಮೆಟ್ ಏರಿಸಿದರು. ಹತ್ತಿರ ಬಂದವರು ಸೆಲ್ಫಿ ತೆಗೆದರು.

ಸಂಬಳವಿಲ್ಲದ ವಿಷಯದಲ್ಲಿ ಗೊಂಬೆಗೆ ಜೋಡಿ ಯಾರೆಂದರೆ ಟ್ರಾಫಿಕ್ ವಾರ್ಡನ್‌ಗಳು. ಉಸಿರಾಡುವ ಮನುಷ್ಯರೇ, ಆದರೆ ಸ್ವಯಂಸೇವಕರು. ಹೋಮ್‌ಗಾರ್ಡ್‌ಗಳಿಗೆ ದಿನಭತ್ಯೆ, ಅದೂ ಕೆಲಸ ಮಾಡಿದ ದಿನಕ್ಕೆ. ಇನ್ನು ಕಾಮಗಾರಿಯ ಪಕ್ಕ ಬಾವುಟ ಹಿಡಿದು ನಿಂತ ಹುಡುಗ ಕಂಟ್ರಾಕ್ಟರನ ಆಳು. ಬಿಸಿಲಿಗೆ ಅವನ ಕೆಂಪು ಬಾವುಟ ಗುಲಾಬಿಯಾಗಿದೆ, ಕೋಲಿಗೆ ಅದನ್ನು ಬಿಗಿದದ್ದು ಕರೆಂಟಿನ ವೈರು. ಅವನು ಕೈ ಎತ್ತಿದರೆ ಪೀಣ್ಯದ ಲಾರಿಯೂ ನಿಲ್ಲಬೇಕು, ಕಂಪನಿ ಕ್ಯಾಬೂ ನಿಲ್ಲಬೇಕು. ಆ ಕ್ಯಾಬಿನೊಳಗೆ ಮೀಟಿಂಗಿಗೆ ತಡವಾದ ಮ್ಯಾನೇಜರು ಗಾಜು ಇಳಿಸಿ, "ಬಾಸ್, ಸ್ವಲ್ಪ ಬಿಡಿ" ಅನ್ನುತ್ತಾರೆ.