ನಮ್ಮ ಹತ್ತಿ, ಕಾರವಾರದ ದೀಪ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹೈಸ್ಕೂಲು ಮುಖ್ಯಗುರುಗಳಿಗೆ,

ಡಿಸೆಂಬರ್ ಬಂತೆಂದರೆ ನಿಮ್ಮ ಪ್ರವಾಸದ ಬಸ್ಸುಗಳು ಘಟ್ಟ ಇಳಿಯುತ್ತವೆ. ಗೋಕರ್ಣ, ಮುರ್ಡೇಶ್ವರ, ಉಡುಪಿ. ಉಡುಪಿಯ ಹತ್ತಿರದ ಕಾಪುವಿನ ದಂಡೆಗೆ ಹೋದರೂ ಮಕ್ಕಳು ನೀರಾಡಿ, ದೀಪಸ್ತಂಭದ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ದಯವಿಟ್ಟು ಅವರನ್ನು ಅದರ ತುದಿಗೆ ಹತ್ತಿಸಿ.

ದೀಪಸ್ತಂಭಕ್ಕೂ ಬಯಲುಸೀಮೆಯ ನಮಗೂ ಏನು ಸಂಬಂಧ ಎನ್ನಬೇಡಿ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಧಾರವಾಡ ಸೀಮೆಯ ಹತ್ತಿ ಇತ್ತು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಇಂಗ್ಲೆಂಡಿನ ಗಿರಣಿಗಳು ಅರಳೆಯಿಲ್ಲದೆ ಕುಂತ ಕಾಲ ಅದು. ಎತ್ತುಗಳ ಬೆನ್ನೇರಿ ಘಟ್ಟ ಇಳಿದ ನಮ್ಮ ಅರಳೆ ಕುಮಟೆಯಲ್ಲಿ ಹಡಗು ಹತ್ತುತ್ತಿತ್ತು. ಬೆಳೆದವರು ನಾವು, ಪೇಟೆಯಲ್ಲಿ ಅದರ ಹೆಸರು ಮಾತ್ರ 'ಕುಮಟಾ ಹತ್ತಿ'! ಇನ್ನೂ ಒಳ್ಳೆಯ ಬಂದರು ಬೇಕೆಂದು ಸರಕಾರ ಕಾರವಾರದ ಮೇಲೆ ಕಣ್ಣಿಟ್ಟಿತು. ಅಲ್ಲಿನ ದೇವಗಡ ನಡುಗಡ್ಡೆಯಲ್ಲಿ 1864ರಲ್ಲಿ ದೀಪ ಹೊತ್ತಿತು. ನಮ್ಮ ಮುತ್ತಜ್ಜಂದಿರ ಬೆವರಿಗೂ ಆ ದೀಪಕ್ಕೂ ನಂಟಿದೆ. ಇದನ್ನು ಮಕ್ಕಳಿಗೆ ಹೇಳುವವರು ಯಾರು?

ಕಡಲ ನೆನಪು ನಮ್ಮ ನೆಲದಲ್ಲಿ ಇಷ್ಟೇ ಅಲ್ಲ. ಸವಣೂರಿನ ದೊಡ್ಡಹುಣಸೆ ಮರಗಳು ಆಫ್ರಿಕದ ಜಾತಿಯವು. ಕಡಲು ದಾಟದೆ ಆ ಬೀಜ ಇಲ್ಲಿಗೆ ಬರುವಂತಿರಲಿಲ್ಲ. ಕಾರವಾರದ ನೌಕಾನೆಲೆಗೆ 'ಕದಂಬ' ಎಂದು ಹೆಸರು. ಅದೇ ಹೆಸರಿನ ಅರಸರ ಒಂದು ಶಾಖೆ ಹಾನಗಲ್ಲಿನಿಂದ ಆಳಿತ್ತು.

ದೇವಗಡಕ್ಕೆ ದೋಣಿಯಲ್ಲೇ ಹೋಗಬೇಕು, ಮಕ್ಕಳನ್ನು ಕರೆದೊಯ್ಯುವುದು ಕಷ್ಟ. ಕಾಪು ಹಾಗಲ್ಲ. 1901ರಲ್ಲಿ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ಆ ಸ್ತಂಭ ನೀರಂಚಿನ ಬಂಡೆಯ ಮೇಲಿದೆ. ಮೊದಲು ಬಂಡೆಯ ಮೆಟ್ಟಿಲು, ಆಮೇಲೆ ಒಳಗಿನ ಸುರುಳಿ ಮೆಟ್ಟಿಲು. ಒಳಗೆ ತಂಪು, ಅರೆಗತ್ತಲು. ಮುಂದಿನವರ ಹಿಮ್ಮಡಿ ನಮ್ಮ ಮೂಗಿನ ನೇರಕ್ಕೇ ಇರುತ್ತದೆ. ಮೇಲೆ ಬಂದು ಕಂಬಿ ಹಿಡಿದು ನಿಂತರೆ ಎಡಕ್ಕೂ ಬಲಕ್ಕೂ ಕಣ್ಣು ಸೋಲುವವರೆಗೆ ಮರಳು, ಹಿಂದೆ ತೆಂಗಿನ ತೋಟ, ಮುಂದೆ ಬರೀ ನೀರು.

ಗಣಿತದ ಮಾಸ್ತರರು ಅಲ್ಲೇ ಪಾಠ ಮಾಡಲಿ. ಎತ್ತರದ ಮೀಟರುಗಳ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರ ಎಂದು ಸಿಗುತ್ತದೆ. ಬಂಡೆಯೂ ಸೇರಿ ಕಣ್ಣು ನೀರಿನಿಂದ 36 ಮೀಟರ್ ಎತ್ತರದಲ್ಲಿದ್ದರೆ ಸುಮಾರು 21. ಹತ್ತನೆಯ ತರಗತಿಯ ವಕ್ರೀಭವನದ ಪಾಠಕ್ಕೂ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. 1820ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ ದೀಪಸ್ತಂಭಕ್ಕೆಂದು ಭಾರಿ ಮಸೂರದ ಬದಲು ಗಾಜಿನ ಉಂಗುರಗಳನ್ನು ಜೋಡಿಸಿ, ಚದುರಿ ಹೋಗುವ ಬೆಳಕನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಿದ. ಹಡಗುಗಳು ದಡದಿಂದ ದೂರವಿದ್ದೇ ದಾರಿ ಕಂಡುಕೊಂಡವು.

ಸಾಮಾನ್ಯವಾಗಿ ಸಂಜೆಯ ಹೊತ್ತಷ್ಟೇ ಮೇಲೆ ಬಿಡುತ್ತಾರೆ. ವೇಳೆ ಮೊದಲೇ ವಿಚಾರಿಸಿ, ಅದಕ್ಕೆ ತಕ್ಕಂತೆ ಬಸ್ಸು ಹೊರಡಿಸಿ. ಇಳಿದ ಮೇಲೆ ದೀಪ ಹೊತ್ತುವವರೆಗೆ ಕಾಯಿರಿ. ಒಂದು ಮಿಂಚಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಸೆಕೆಂಡು ಎಂದು ಮಕ್ಕಳು ಎಣಿಸಲಿ. ಇದು ಯಾವ ಊರಿನ ದೀಪವೆಂದು ನಾವಿಕ ಕಂಡುಹಿಡಿಯುವುದು ಹೀಗೇ. ತಡವಾಯಿತೆಂದು ಚಿಂತೆ ಬೇಡ, ಅಲ್ಲಿಂದ ಉಡುಪಿ ಹತ್ತಿರವೇ.

ಇಂತಿ,
ನಿಮ್ಮೂರಿನವನೇ ಒಬ್ಬ